ಮೈಯ ನಿತ್ಯಕರ್ಮ

ಪುರುಸೊತ್ತಿಲ್ಲದವರು ಎಲ್ಲಕ್ಕಿಂತ ಮೊದಲು ಕೈಬಿಡುವುದು ತಮ್ಮ ಮೈಯನ್ನೇ. ಕಚೇರಿ, ಮಕ್ಕಳ ಶಾಲೆ, ಮನೆಯ ಹಿರಿಯರ ಔಷಧಿ, ಬಸ್ಸಿನ ಹೊತ್ತು ಎಲ್ಲ ಒಟ್ಟಿಗೆ ಮೇಲೆ ಬಿದ್ದಾಗ ನಿದ್ದೆಯಲ್ಲಿ ಒಂದು ಗಂಟೆ ಹೋಗುತ್ತದೆ, ನೀರು ಕುಡಿಯುವುದು ಮರೆತುಹೋಗುತ್ತದೆ, ಒಡೆದ ಹಿಮ್ಮಡಿ ಹಾಗೇ ಚಪ್ಪಲಿಯೊಳಗೆ ಸೇರುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ಹೊತ್ತಿಲ್ಲ ಎಂಬ ಉತ್ತರದ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ನಾಳೆ ಮಣ್ಣಾಗುವ ಮೈಗೆ ಇಷ್ಟೆಲ್ಲ ಉಪಚಾರ ಯಾಕೆ, ಇದೆಲ್ಲ ಶೋಕಿ. ಈ ಎರಡನೆಯ ಮಾತಿಗೆ ಧರ್ಮದ ಬೆಂಬಲವಿದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ವೈರಾಗ್ಯ ದೊಡ್ಡದು, ದೇಹ ಸಣ್ಣದು, ಆದ್ದರಿಂದ ದೇಹವನ್ನು ಅಲಕ್ಷ್ಯ ಮಾಡುವವನು ವೈರಾಗ್ಯದ ಕಡೆಗೆ ಒಂದು ಹೆಜ್ಜೆ ಇಟ್ಟಂತೆ ಎಂಬ ತರ್ಕ ಇದು. ಈ ತರ್ಕ ತಪ್ಪು ಎಂದು ನನಗೆ ಅನ್ನಿಸುತ್ತದೆ. ತಪ್ಪು ಎಲ್ಲಿದೆ ಎಂದು ತೋರಿಸಲು ಬೇಕಾದ ಸಾಧನವೂ ನಮ್ಮ ಧರ್ಮವಿಚಾರದೊಳಗೇ ಇದೆ.

ಮೀಮಾಂಸಕರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಮಳೆ ಬೇಕೆಂದು ಮಾಡುವ ಕಾರೀರಿ, ಸಂತಾನ ಬೇಕೆಂದು ಮಾಡುವ ಪುತ್ರಕಾಮೇಷ್ಟಿ ಕಾಮ್ಯಕರ್ಮಗಳು. ಆ ಫಲದ ಆಸೆಯೇ ಇಲ್ಲದವನಿಗೆ ಅವುಗಳ ಹೊಣೆಯೂ ಇಲ್ಲ. ಗ್ರಹಣದ ಸ್ನಾನ ನೈಮಿತ್ತಿಕ, ಸಂದರ್ಭ ಬಂದಾಗ ಮಾತ್ರ. ಸಂಧ್ಯಾವಂದನೆಯಂಥದ್ದು ನಿತ್ಯ: ಏನೋ ಸಿಗುತ್ತದೆ ಎಂದು ಮಾಡುವುದಲ್ಲ, ಬಿಟ್ಟರೆ ದೋಷ ಎಂದು ಮಾಡುವುದು. ಈ ವಿಂಗಡಣೆ ಬಲ್ಲವರೂ ಸಾಮಾನ್ಯವಾಗಿ ನೆನಪಿಸಿಕೊಳ್ಳದ ಒಂದು ಸೂಕ್ಷ್ಮ ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿದೆ. ಕಾಮ್ಯಕರ್ಮವನ್ನು ಅದರ ಎಲ್ಲ ಅಂಗಗಳೊಂದಿಗೆ, ಒಂದೂ ಲೋಪವಾಗದಂತೆ ಮಾಡಬೇಕು, ಇಲ್ಲದಿದ್ದರೆ ಫಲವಿಲ್ಲ. ನಿತ್ಯಕರ್ಮವನ್ನಾದರೋ ಕೈಲಾದಷ್ಟು ಮಾಡಿದರೂ ಸಲ್ಲುತ್ತದೆ, ಯಾಕೆಂದರೆ ಬದುಕಿರುವವರೆಗೆ ಪ್ರತಿದಿನ ಮಾಡಬೇಕಾದ್ದನ್ನು ಯಾವ ಮನುಷ್ಯನೂ ಪ್ರತಿದಿನ ಪೂರ್ಣವಾಗಿ ಮಾಡಲಾರ. ಮೀಮಾಂಸಕರು ಮೈಯ ಆರೈಕೆಯ ಬಗ್ಗೆ ಇದನ್ನು ಹೇಳಲಿಲ್ಲ. ಅವರ ಅಳತೆಗೋಲನ್ನು ಇಲ್ಲಿಗೆ ತರುತ್ತಿರುವವನು ನಾನು. ತಂದು ನೋಡಿದರೆ ಗೊಂದಲ ತಿಳಿಯಾಗುತ್ತದೆ. ಮೈಗೆ ಮಾಡುವ ಉಪಚಾರಗಳಲ್ಲಿ ಕೆಲವು ನಿತ್ಯ, ಕೆಲವು ಕಾಮ್ಯ. ಬೆಳ್ಳಗಾಗಬೇಕು, ಹತ್ತು ವರ್ಷ ಚಿಕ್ಕವಳಾಗಿ ಕಾಣಬೇಕು ಎಂದು ಮಾಡುವುದು ಕಾಮ್ಯ. ಚರ್ಮ ತನ್ನ ಕೆಲಸವನ್ನು ತಾನು ಮಾಡಿಕೊಂಡಿರಲಿ ಎಂದು ಮಾಡುವುದು ನಿತ್ಯ. ಮೊದಲನೆಯದನ್ನು ಬಿಟ್ಟವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಎರಡನೆಯದನ್ನು ಬಿಟ್ಟವನು ವಿರಾಗಿಯಾಗುವುದಿಲ್ಲ, ಕರ್ತವ್ಯಲೋಪ ಮಾಡಿದವನಾಗುತ್ತಾನೆ.

ಚರ್ಮದ ಕೆಲಸ ಸಣ್ಣದಲ್ಲ. ವಯಸ್ಕರ ಮೈಮೇಲೆ ಸುಮಾರು ಎರಡು ಚದರ ಮೀಟರಿನಷ್ಟು ಹರಡಿಕೊಂಡು ಒಳಗಿನ ನೀರನ್ನು ಒಳಗೇ ಹಿಡಿದಿಡುತ್ತದೆ, ಹೊರಗಿನ ರೋಗಾಣುಗಳನ್ನು ಹೊರಗೇ ತಡೆಯುತ್ತದೆ. ಅದರ ಮೇಲ್ಪದರ ಸುಮಾರು ನಾಲ್ಕು ವಾರಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ. ಆ ಪದರ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5ರ ಆಸುಪಾಸು. ಮಾಮೂಲಿ ಸೋಪಿನದು 9ರಿಂದ 10. ದಿನಕ್ಕೆ ಎರಡು ಮೂರು ಸಲ ಮುಖಕ್ಕೆ ಸೋಪು ತಿಕ್ಕಿ, ಹಂಡೆಯ ಸುಡುನೀರು ಹೊಯ್ದುಕೊಂಡರೆ ಚೊಕ್ಕಟವಾದಂತೆ ಅನ್ನಿಸುತ್ತದೆ, ಆದರೆ ಚರ್ಮದ ಸ್ವಂತ ಜಿಡ್ಡು ಹೋಗಿ ಮಾಗಿಯ ಚಳಿಗೆ ಮೈ ಬಿರಿಯುತ್ತದೆ, ನವೆ ಹತ್ತುತ್ತದೆ. ಹಾಗಾದರೆ ನಿತ್ಯ ಎಂದರೆ ಎಷ್ಟು? ಉಗುರು ಬೆಚ್ಚಗಿನ ನೀರು, ಕಂಕುಳು, ತೊಡೆಸಂದು, ಪಾದಗಳಿಗೆ ಸೋಪು, ಮೈಯ ಪಸೆ ಆರುವ ಮೊದಲೇ ತುಸು ಕೊಬ್ಬರಿ ಎಣ್ಣೆಯೋ ಸಾದಾ ಮಾಯಿಶ್ಚರೈಸರೋ, ಬಿಸಿಲಿಗೆ ಹೋಗುವಾಗ ಕೊಡೆ, ಟೋಪಿ, ತುಂಬುತೋಳು ಅಥವಾ ಸನ್‌ಸ್ಕ್ರೀನ್. ಹತ್ತು ನಿಮಿಷಕ್ಕೆ ಮೀರಿದ ಕೆಲಸವಲ್ಲ. ರಾತ್ರಿಯ ನಿದ್ದೆಯನ್ನು ಇದಕ್ಕೆ ಸೇರಿಸಲೇಬೇಕು. ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರು ದೇಹವನ್ನು ಎತ್ತಿ ನಿಲ್ಲಿಸುವ ಉಪಸ್ತಂಭಗಳು ಎಂದು ಆಯುರ್ವೇದ ಎಣಿಸಿದೆ. ಆ ಮೂರರಲ್ಲಿ ನಿದ್ದೆಯನ್ನು ಕಡಿದು ಅದರ ಬದಲಿಯನ್ನು ಡಬ್ಬಿಯಲ್ಲಿ ಕೊಂಡು ತರುವುದು ಇಂದಿನ ರೂಢಿ.

ನಿತ್ಯಕ್ಕೂ ಕಾಮ್ಯಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಟ್ಟಬೇಕಾದರೆ ಪಾದವನ್ನು ನೋಡಬೇಕು. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಕಾಯಿಲೆ ಹಳತಾದಂತೆ ಎಷ್ಟೋ ಜನರಿಗೆ ಅಂಗಾಲಿನ ಸ್ಪರ್ಶಜ್ಞಾನ ಕುಂದುತ್ತದೆ. ಚಪ್ಪಲಿಯೊಳಗೆ ಸಿಕ್ಕಿದ ಸಣ್ಣ ಕಲ್ಲು ದಿನವಿಡೀ ಒತ್ತಿದರೂ ಗೊತ್ತಾಗುವುದಿಲ್ಲ. ಸಂಜೆಗೆ ಬೊಬ್ಬೆ, ವಾರಕ್ಕೆ ಹುಣ್ಣು, ಕೆಲವರಿಗೆ ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿ. ಇದನ್ನು ತಡೆಯಲು ವೈದ್ಯರು ಹೇಳುವುದು ರಾತ್ರಿ ಮಲಗುವ ಮುನ್ನ ಮಾಡಬಹುದಾದ ಒಂದು ಸಣ್ಣ ಕೆಲಸ: ಪಾದ ತೊಳೆದು, ಬೆರಳುಸಂದುಗಳಲ್ಲಿ ತೇವ ಉಳಿಯದಂತೆ ಒರೆಸಿ, ಬೆಳಕಿಗೆ ಹಿಡಿದು ಅಂಗಾಲನ್ನು ಒಮ್ಮೆ ನೋಡುವುದು, ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡುವುದು, ಹಿಮ್ಮಡಿಗೆ ಎಣ್ಣೆ ಸವರಿದರೂ ಬೆರಳುಸಂದಿಗೆ ಸವರದಿರುವುದು. ಅಂಗಾಲು ಚೆನ್ನಾಗಿದೆ ಎಂದು ಯಾರೂ ಹೊಗಳುವುದಿಲ್ಲ. ಹೊಗಳುವವರೇ ಇಲ್ಲದ ಕಡೆ ಮಾಡುವ ಆರೈಕೆಯನ್ನು ದೇಹಮೋಹ ಎನ್ನಲು ಹೇಗೆ ಸಾಧ್ಯ?

ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯದ ಹೆಸರೇ ದಿನಚರ್ಯೆ. ನಿತ್ಯವೂ ಅಭ್ಯಂಗ ಮಾಡಬೇಕು ಎಂದು ಅಲ್ಲಿ ವಿಧಿಸಿ, ವಿಶೇಷವಾಗಿ ಯಾವ ಅಂಗಗಳಿಗೆ ಎಂದೂ ಹೇಳಿದೆ: ತಲೆ, ಕಿವಿ, ಪಾದ. ಮುಖ ಆ ಪಟ್ಟಿಯಲ್ಲಿಲ್ಲ. ಅಜೀರ್ಣವಾದವರು, ಕಫ ಹೆಚ್ಚಿದವರು ಎಣ್ಣೆ ಹಚ್ಚಿಕೊಳ್ಳಬಾರದು ಎಂಬ ವಿನಾಯಿತಿಯೂ ಇದೆ. ಇನ್ನೂ ಮುಖ್ಯವಾದದ್ದು ಆ ಅಧ್ಯಾಯ ಮುಂದೆ ಸಾಗುವ ರೀತಿ. ಹಲ್ಲುಜ್ಜುವುದು, ಎಣ್ಣೆ, ವ್ಯಾಯಾಮ, ಸ್ನಾನ ಮುಗಿದ ಮೇಲೆ ಉಸಿರು ಬಿಡದೆ ಹಿಂಸೆ, ಕಳವು, ಚಾಡಿ, ಸುಳ್ಳು ಮೊದಲಾದ ಹತ್ತು ಪಾಪಗಳನ್ನು ಬಿಡಬೇಕೆಂದು ಹೇಳುತ್ತದೆ. ಜೀವನೋಪಾಯವಿಲ್ಲದವರಿಗೆ, ರೋಗಿಗಳಿಗೆ, ದುಃಖದಲ್ಲಿರುವವರಿಗೆ ನೆರವಾಗಬೇಕೆನ್ನುತ್ತದೆ. ಹುಳ ಇರುವೆಗಳನ್ನೂ ತನ್ನಂತೆಯೇ ಕಾಣಬೇಕೆನ್ನುತ್ತದೆ. ಸ್ನಾನ ವೈದ್ಯದ ವಿಷಯ, ದಯೆ ಧರ್ಮದ ವಿಷಯ ಎಂಬ ಗೆರೆಯನ್ನು ವಾಗ್ಭಟ ಎಳೆಯಲೇ ಇಲ್ಲ. ಇಂದು ಅಂಗಡಿಯಲ್ಲಿ ಬಿಕರಿಯಾಗುವ ‘ಆಯುರ್ವೇದ’ ಈ ಅಧ್ಯಾಯದ ಮೊದಲರ್ಧವನ್ನು ಮಾತ್ರ ಓದಿದಂತಿದೆ. ಇಸ್ಲಾಮಿನ ವುಜೂ ಕೂಡ ಇದೇ ದಿಕ್ಕಿನ ಮಾತನ್ನು ಹೇಳುತ್ತದೆ. ನಮಾಜಿಗೆ ಮುನ್ನ ಮುಖ, ಮೊಣಕೈವರೆಗಿನ ಕೈ, ಪಾದಗಳನ್ನು ತೊಳೆದು ತಲೆ ಸವರಿಕೊಳ್ಳುವ ವಿಧಿ ಅದು. ನೀರು ಸಿಗದಿದ್ದರೆ, ನೀರು ಸೋಕಬಾರದ ಕಾಯಿಲೆಯಿದ್ದರೆ ಶುದ್ಧ ಮಣ್ಣಿನಲ್ಲೇ ತಯಮ್ಮುಮ್ ಸಾಕು. ನಿತ್ಯವಾದದ್ದು ಯಥಾಶಕ್ತಿ ಎಂಬ ವಿವೇಕವನ್ನು ಇಲ್ಲಿಯೂ ಕಾಣಬಹುದು.

ಕಾಮ್ಯದ ಕಡೆಗೆ ತಿರುಗಿದರೆ ಎಲ್ಲವೂ ತಲೆಕೆಳಗು. ಹತ್ತು ಹಂತದ ಉಪಚಾರ, ಹಂತಕ್ಕೊಂದು ಬಾಟಲಿ, ಒಂದು ಹಂತ ತಪ್ಪಿದರೆ ಫಲವಿಲ್ಲ ಎಂಬ ಬೆದರಿಕೆ. ಹೊತ್ತಿಲ್ಲದವರಿಗೆ ಆರೈಕೆಯೇ ಭಾರ ಅನ್ನಿಸುವುದು ಇದರಿಂದ: ನಿತ್ಯದ ಜಾಗದಲ್ಲಿ ಕಾಮ್ಯ ಬಂದು ಕೂತಿದೆ. ಬಿಳುಪಿನ ಆಸೆಯಂತೂ ನೇರ ಹಾನಿಯನ್ನೇ ಮಾಡಿದೆ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ತೆಗೆದದ್ದು 2020ರಲ್ಲಿ; ಅಷ್ಟರಲ್ಲಿ ಎರಡು ತಲೆಮಾರುಗಳಿಗೆ ಕಪ್ಪು ಒಂದು ದೋಷವೆಂದು ಪಾಠವಾಗಿತ್ತು, ಅದೂ ಶ್ಯಾಮವರ್ಣದ ಕೃಷ್ಣನನ್ನು ಪೂಜಿಸುವ ನಾಡಿನಲ್ಲಿ. ಅದಕ್ಕಿಂತ ಅಪಾಯಕಾರಿ, ವೈದ್ಯರ ಚೀಟಿಯಿಲ್ಲದೆ ಕೊಂಡು ಮುಖಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮು. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಮೊಡವೆ, ಕೂದಲು ಏಳುತ್ತವೆ, ನಿಲ್ಲಿಸಿದ ಕೂಡಲೇ ಮುಖ ಕೆಂಪಾಗಿ ಉರಿಯುವುದರಿಂದ ಬಿಡಲೂ ಆಗುವುದಿಲ್ಲ. ಹುಳಕಡ್ಡಿಗೆ ಇದನ್ನೇ ಹಚ್ಚಿದವರಲ್ಲಿ ಅದು ಹಟ ಹಿಡಿದು ಮೈತುಂಬ ಹರಡಿದ್ದನ್ನು ಚರ್ಮವೈದ್ಯರು ಕಂಡಿದ್ದಾರೆ. ಸರಕಾರ 2018ರಲ್ಲಿ ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಕಡ್ಡಾಯವಿರುವ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಆದರೂ ಮುಲಾಮು ಕೈಗೆ ಸಿಗುವುದು ನಿಂತಿಲ್ಲ. ಮನೆಮದ್ದು ಎಂದ ಮಾತ್ರಕ್ಕೆ ನಿರಪಾಯ ಎಂದೂ ತಿಳಿಯಬಾರದು: ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಕಪ್ಪು ಕಲೆ ಬೀಳುತ್ತದೆ. ಇಷ್ಟೆಲ್ಲ ಬೇಕೇ ಎಂದು ಮೊದಲೇ ಕೇಳಿದವರು ಶರಣರಲ್ಲಿದ್ದಾರೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೇಕೆ, ಹಿಂದಕ್ಕೆ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಬಚ್ಚಲಿನ ಕಪಾಟಿನ ಮುಂದೆ ನಿಂತು ಕೇಳಿಕೊಳ್ಳಬೇಕಾದ್ದು ಲಕ್ಕಮ್ಮನ ಪ್ರಶ್ನೆಯನ್ನೇ.

ಇಲ್ಲಿ ವೈರಾಗ್ಯದ ಕಡೆಯಿಂದ ಗಟ್ಟಿಯಾದ ಆಕ್ಷೇಪವೊಂದು ಬರುತ್ತದೆ. ಅಕ್ಕಮಹಾದೇವಿಯ ವಚನಗಳಲ್ಲಿ ಮೈಯ ಬಗ್ಗೆ ಜುಗುಪ್ಸೆಯಿದೆ. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಸ್ನಾನ ಮಾಡದಿರುವುದೂ ಹಲ್ಲುಜ್ಜದಿರುವುದೂ ಸೇರಿವೆ. ಶ್ರವಣಬೆಳಗೊಳದ ಬಾಹುಬಲಿ ನಿಂತಿರುವುದೇ ಕಾಯೋತ್ಸರ್ಗದಲ್ಲಿ, ಮೈಯನ್ನು ಬಿಟ್ಟುಕೊಟ್ಟು; ಬಳ್ಳಿ ಹಬ್ಬಿದರೂ ಹುತ್ತ ಬೆಳೆದರೂ ಅಲುಗದೆ. ಇವರೆಲ್ಲ ತಪ್ಪೇ? ಅಲ್ಲವೇ ಅಲ್ಲ. ಆದರೆ ಅವರ ತ್ಯಾಗ ಮರೆವಿನಿಂದ ಬಂದದ್ದಲ್ಲ. ಅಸ್ನಾನ ಒಂದು ವ್ರತ. ಹಗಲಿಗೊಂದೇ ಊಟ, ನೆಲದ ಮೇಲೆ ಮಲಗುವುದು, ಕೇಶಲೋಚ ಇವುಗಳ ಜೊತೆಯಲ್ಲಿ, ಗುರುವಿನ ಎದುರು ಅರಿತು ಹೊತ್ತ ಹೊಣೆ. ಆ ಮುನಿಯ ಕೈಯಲ್ಲೂ ಪಿಂಛಿಯ ಜೊತೆಗೆ ಕಮಂಡಲವಿರುತ್ತದೆ, ಅದರಲ್ಲಿ ಶೌಚಕ್ಕೆಂದೇ ನೀರಿರುತ್ತದೆ. ಫೋನು ನೋಡುತ್ತ ರಾತ್ರಿ ಒಂದಕ್ಕೆ ಮಲಗಿ, ಮುಖ ತೊಳೆಯದೆ ಎದ್ದು ಓಡುವವರು ತಮ್ಮ ಅಲಕ್ಷ್ಯಕ್ಕೆ ಆ ಮುನಿಯ ಹೆಸರನ್ನು ಇಡುವುದು ನ್ಯಾಯವಲ್ಲ. ತಪಸ್ಸಿನ ಒಳಗೂ ಮಿತಿಯ ಪ್ರಶ್ನೆ ಏಳುತ್ತದೆ. ಕುಮಾರಸಂಭವದ ಐದನೆಯ ಸರ್ಗದಲ್ಲಿ ವೇಷ ಮರೆಸಿ ಬಂದ ಶಿವ, ಘೋರತಪಸ್ಸಿನಲ್ಲಿದ್ದ ಪಾರ್ವತಿಯನ್ನು ವಿಚಾರಿಸುವುದು ಸ್ನಾನಕ್ಕೆ ತಕ್ಕ ನೀರು ಸಿಗುತ್ತಿದೆಯೇ, ಶಕ್ತಿಗೆ ತಕ್ಕಷ್ಟೇ ತಪಸ್ಸು ಮಾಡುತ್ತಿದ್ದೀಯಾ ಎಂದು. ಧರ್ಮಸಾಧನೆಗೆ ಮೊದಲ ಉಪಕರಣ ಶರೀರವೇ ಎಂದು ಅವಳಿಗೆ ನೆನಪಿಸುತ್ತಾನೆ.

ಈ ಆಕ್ಷೇಪಕ್ಕೆ ನಾನು ಬಲ್ಲಂತೆ ಅತ್ಯುತ್ತಮ ಉತ್ತರ ಬೌದ್ಧರದು. ಮಿಲಿಂದಪನ್ಹದಲ್ಲಿ ಯವನ ದೊರೆ ಮಿಲಿಂದ ಭಿಕ್ಷು ನಾಗಸೇನನನ್ನು ಕೇಳುತ್ತಾನೆ: ನಿಮಗೆ ದೇಹ ಪ್ರಿಯವೇ? ಅಲ್ಲ ಎನ್ನುತ್ತಾನೆ ನಾಗಸೇನ. ಹಾಗಾದರೆ ಅದನ್ನೇಕೆ ಪೋಷಿಸುತ್ತೀರಿ ಎಂದು ದೊರೆ. ಯುದ್ಧದಲ್ಲಿ ಬಾಣ ನಾಟಿದ್ದುಂಟೇ, ಆ ಗಾಯಕ್ಕೆ ಮುಲಾಮು ಹಚ್ಚಿ, ಎಣ್ಣೆ ಸವರಿ, ಬಟ್ಟೆ ಕಟ್ಟಿದ್ದುಂಟೇ ಎಂದು ನಾಗಸೇನ ಮರುಪ್ರಶ್ನೆ ಹಾಕುತ್ತಾನೆ. ಉಂಟು. ಗಾಯ ಪ್ರಿಯವೆಂದೇ ಹಾಗೆ ಮಾಡಿದೆಯಾ? ಮಾಯಲಿ ಎಂದು ಮಾಡಿದೆ, ಎನ್ನುತ್ತಾನೆ ದೊರೆ. ಭಿಕ್ಷುಗಳು ದೇಹವನ್ನು ನೋಡಿಕೊಳ್ಳುವುದೂ ಹಾಗೆಯೇ. ಈ ಉತ್ತರದಲ್ಲಿ ಮೋಹವೂ ಇಲ್ಲ, ತಿರಸ್ಕಾರವೂ ಇಲ್ಲ. ಗಾಯಕ್ಕೆ ಬಟ್ಟೆ ಕಟ್ಟುವುದನ್ನು ಯಾರೂ ಶೋಕಿ ಎನ್ನುವುದಿಲ್ಲ, ಪುರುಸೊತ್ತಾದಾಗ ಕಟ್ಟಿದರಾಯಿತು ಎಂದೂ ಯಾರೂ ಮುಂದೂಡುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಕಹಿಯಾದದ್ದು, ನನ್ನನ್ನು ಹೆಚ್ಚು ಕಾಡುವುದೂ ಅದೇ. ಶುಚಿಯನ್ನು ಧರ್ಮ ಮಾಡಿದಾಗಲೆಲ್ಲ ಅದು ಮಡಿ-ಮೈಲಿಗೆಯಾಗಿದೆ. ಮುಟ್ಟಾದ ಹೆಣ್ಣನ್ನು ಹೊರಗೆ ಕೂರಿಸಿದೆ, ಊರಿನ ಕೊಳೆ ಬಳಿದವರನ್ನೇ ಕೊಳೆ ಎಂದಿದೆ. ಹೀಗಿರುವಾಗ ಮೈತೊಳೆಯುವುದನ್ನು ಮತ್ತೆ ನಿತ್ಯಕರ್ಮ ಎನ್ನಬೇಕೇ? ಎನ್ನಬೇಕು, ಒಂದು ಷರತ್ತಿನ ಮೇಲೆ. ಮಡಿ ಅಳೆಯುವುದು ಇನ್ನೊಬ್ಬರ ಸ್ಪರ್ಶವನ್ನು. ಆರೈಕೆ ಅಳೆಯುವುದು ನನ್ನ ಮೈ ಕೆಲಸಕ್ಕೆ ಒದಗುತ್ತಿದೆಯೇ ಎಂಬುದನ್ನು. ಒಂದಕ್ಕೆ ದೂರ ನಿಲ್ಲುವವರು ಬೇಕು, ಇನ್ನೊಂದಕ್ಕೆ ಯಾರೂ ದೂರ ನಿಲ್ಲಬೇಕಾಗಿಲ್ಲ. ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ ಕಲ್ಯಾಣದ ಶರಣರ ನಡುವೆ ಪೂಜ್ಯನಾಗಿ ನಿಂತದ್ದು ಈ ಭೇದವನ್ನು ಅಲ್ಲಿನವರು ಅರಿತಿದ್ದರಿಂದ. ಕಾಯಕವೇ ದೊಡ್ಡದಾದ ಮೇಲೆ ಕಾಯಕ ಮಾಡುವ ಕೈ ಕಾಲುಗಳೂ ದೊಡ್ಡವು. ದೇಹವೇ ದೇಗುಲವೆಂದ ಬಸವಣ್ಣನ ಮಾತನ್ನು ಒಪ್ಪುವವರು ಆ ದೇಗುಲ ಪ್ರತಿಯೊಬ್ಬರದೂ ಎಂದು ಒಪ್ಪಬೇಕಾಗುತ್ತದೆ.

ಒಪ್ಪಿದರೆ ಹೊಣೆ ಬಚ್ಚಲಮನೆಯೊಳಗೆ ಮುಗಿಯುವುದಿಲ್ಲ. ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರು, ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಂತು ನಾಟಿ ಹಾಕುವ ಹೆಂಗಸರು, ಸಿಮೆಂಟ್ ಕಲಸಿ ಅಂಗೈ ಸುಟ್ಟುಕೊಂಡ ಗಾರೆ ಕೆಲಸದವರು, ಇವರಿಗಿಂತ ಹೊತ್ತಿಲ್ಲದವರು ಯಾರು? ದಾರಿಯಲ್ಲಿ ಶೌಚಾಲಯವಿಲ್ಲವೆಂದು ಬೆಳಗಿನಿಂದ ನೀರೇ ಕುಡಿಯದೆ ದುಡಿಯುವ ಹೆಣ್ಣುಮಕ್ಕಳಿಗೆ ನೀರು ಚೆನ್ನಾಗಿ ಕುಡಿಯಿರಿ ಎಂದು ಉಪದೇಶ ಮಾಡುವುದು ಕ್ರೌರ್ಯ. ಒಬ್ಬನಿಗೆ ನಿತ್ಯವೆಂದು ವಿಧಿಸಿದ್ದನ್ನು ಮಾಡಲಾಗದಂತೆ ಇನ್ನೊಬ್ಬ ತಡೆದರೆ ದೋಷ ತಡೆದವನದು. 1948ರ ಕಾರ್ಖಾನೆಗಳ ಕಾಯಿದೆಯ 42ನೆಯ ಕಲಂ ಪ್ರತಿ ಕಾರ್ಖಾನೆಯಲ್ಲೂ ಕೆಲಸಗಾರರಿಗೆ ಕೈಕಾಲು ತೊಳೆಯಲು ಸಾಕಷ್ಟು, ಸರಿಯಾದ ವ್ಯವಸ್ಥೆ ಇರಬೇಕು, ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾಗಿ ಮರೆಯಿರಬೇಕು, ಅದು ಚೊಕ್ಕಟವಾಗಿರಬೇಕು ಎನ್ನುತ್ತಿತ್ತು. ಗದ್ದೆಗೆ, ಬೀದಿಗೆ ಆ ಕಲಂ ಹೋಗಲೇ ಇಲ್ಲ. ಅಲ್ಲಿ ಕೆಲಸ ಮಾಡಿಸಿಕೊಳ್ಳುವ ಜಮೀನುದಾರ, ಗುತ್ತಿಗೆದಾರ, ನಗರಸಭೆ ಕೈಗವಸು, ಗಟ್ಟಿ ಬೂಟು, ಒಂದು ನಲ್ಲಿ, ಒಂದು ಸೋಪು, ನೆರಳು, ಬಾಗಿಲಿರುವ ಶೌಚಾಲಯ ಇಷ್ಟನ್ನು ಒದಗಿಸಬೇಕು. ಒದಗಿಸದಿದ್ದರೆ ಆ ಬೀದಿಯ ಮನೆಗಳಲ್ಲಿ ಬೆಳಿಗ್ಗೆ ಅಭ್ಯಂಗ ಮುಗಿಸಿ ಪೂಜೆಗೆ ಕೂರುವವರು ಹೋಗಿ ಕೇಳಬೇಕು.