ಕೊಂದವನ ನಿಯ್ಯತ್ತು

ಅಮೆರಿಕದ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ 1938ರಲ್ಲಿ ಡಾನ್ ಎ. ಸ್ಟುವರ್ಟ್ ಎಂಬ ಗುಪ್ತನಾಮದಲ್ಲಿ ‘ಹೂ ಗೋಸ್ ದೇರ್?’ ಎಂಬ ಕಿರುಕಾದಂಬರಿ ಪ್ರಕಟಿಸಿದರು. ಅದರ ದೀರ್ಘ ಹಸ್ತಪ್ರತಿಯೂ ‘ಫ್ರೋಜನ್ ಹೆಲ್’ ಎಂಬ ಹೆಸರಿನಲ್ಲಿ 2019ರಲ್ಲಿ ಅಚ್ಚಾಗಿದೆ. ದಕ್ಷಿಣ ಧ್ರುವದ ಹಿಮದ ನಡುವೆ 37 ಮಂದಿ ಸಂಶೋಧಕರ ಬಿಡಾರ. ಅವರು ಅಗೆದು ತಂದ ಮಂಜುಗಡ್ಡೆ ಕರಗಿ, ಅದರೊಳಗಿದ್ದ ಅನ್ಯಲೋಕದ ಜೀವಿ ಎದ್ದುಬರುತ್ತದೆ. ತಾನು ಕಬಳಿಸಿದವನ ರೂಪ, ದನಿ, ನೆನಪು ಎಲ್ಲವನ್ನೂ ಅದು ತನ್ನದಾಗಿಸಿಕೊಳ್ಳಬಲ್ಲದು. ಪಕ್ಕದಲ್ಲಿ ಮಲಗಿರುವವನು ಗೆಳೆಯನೋ ಗೆಳೆಯನ ವೇಷದ ರಾಕ್ಷಸನೋ ಯಾರಿಗೂ ತಿಳಿಯದು.

ಇದನ್ನು ಓದಿದವರು ಸಾಮಾನ್ಯವಾಗಿ ಕಪಟದ ಬಗ್ಗೆ ಮಾತಾಡುತ್ತಾರೆ. ನನ್ನ ಮನಸ್ಸು ಮಾತ್ರ ಅಡುಗೆಯವ ಕಿನ್ನರ್‌ನ ಬಳಿಯೇ ನಿಂತುಬಿಡುತ್ತದೆ. ಭಯದಿಂದ ಬುದ್ಧಿ ಕೆಟ್ಟವನಂತೆ ಅವನು ಗಟ್ಟಿಯಾಗಿ ಪ್ರಾರ್ಥಿಸುತ್ತಾನೆ, ಭಕ್ತಿಗೀತೆ ಹಾಡುತ್ತಾನೆ. ಯಾರೋ ಅವನನ್ನು ಕೊಲ್ಲುತ್ತಾರೆ. ಆಮೇಲೆ ನೋಡಿದರೆ ಅವನು ಮನುಷ್ಯನೇ ಆಗಿರಲಿಲ್ಲ! ಕಥೆ ಮುಂದೆ ಓಡುತ್ತದೆ.

ಹಾಗಾದರೆ ಕೊಂದವನು ತಪ್ಪಿತಸ್ಥನೇ, ಅಲ್ಲವೇ? ಕೈ ಎತ್ತಿದ ಗಳಿಗೆಯಲ್ಲಿ ಅವನಲ್ಲಿ ಗುಮಾನಿಯ ಹೊರತು ಬೇರೇನೂ ಇರಲಿಲ್ಲ. ರಕ್ತದ ಮೊದಲ ಪರೀಕ್ಷೆ ವಿಫಲವಾಗಿತ್ತು, ಎರಡನೆಯದು ಇನ್ನೂ ಹೊಳೆದಿರಲಿಲ್ಲ. ಕಿನ್ನರ್ ಮನುಷ್ಯನೇ ಆಗಿದ್ದರೂ ಆ ಕೈ ಅಷ್ಟೇ ಬಲದಿಂದ ಬೀಳುತ್ತಿತ್ತು. ಸಂತೆಯಲ್ಲಿ ಯಾವನನ್ನೋ ಜೇಬುಗಳ್ಳನೆಂದು ಹಿಡಿದು ಬಡಿಯುತ್ತಾರೆ. ಕದ್ದ ಹಣ ಅವನ ಬಳಿ ಸಿಕ್ಕಿಬಿಟ್ಟರೆ ಬಡಿದವರೆಲ್ಲ ನ್ಯಾಯವಂತರಾಗಿ ಮನೆಗೆ ಹೋಗುತ್ತಾರೆ. ಕರ್ಮವನ್ನು ನಿಯ್ಯತ್ತಿನಿಂದ ಅಳೆಯಬೇಕೆಂದು ಮದ್ರಸದ ಮೊದಲ ಪಾಠಗಳಲ್ಲೇ ಕಲಿತ ನಾವೂ ಆ ಗುಂಪಿನಲ್ಲಿರುತ್ತೇವೆ.

ಬಿಡಾರವನ್ನು ಉಳಿಸುವುದೇ ಅವನ ಉದ್ದೇಶವಾಗಿತ್ತು ಎನ್ನಬಹುದು. ಇರಲಿ. ಆದರೆ ಒಳ್ಳೆಯ ಉದ್ದೇಶವುಳ್ಳವನಿಗೆ ತಿಳಿದುಕೊಳ್ಳುವ ತವಕವೂ ಇರಬೇಕಲ್ಲವೇ? ಮುಂದೆ ಮ್ಯಾಕ್‌ರೆಡಿ ಒಂದು ಉಪಾಯ ಹುಡುಕುತ್ತಾನೆ. ಆ ಜೀವಿಯ ತೊಟ್ಟು ರಕ್ತಕ್ಕೂ ತನ್ನದೇ ಪ್ರಾಣವಿದೆ. ಕಾದ ತಂತಿ ತಾಗಿಸಿದರೆ ಅದು ತಪ್ಪಿಸಿಕೊಳ್ಳಲು ನೋಡುತ್ತದೆ. ಸಿಕ್ಕಿಬಿದ್ದವರಿಗೆ ಅಲ್ಲಿಯೂ ಸಾವೇ. ಆದರೆ ನಾಯಕ ಗ್ಯಾರಿಯೂ ಸೇರಿದಂತೆ ಎಲ್ಲರೂ ರಕ್ತ ಕೊಟ್ಟ ಮೇಲೆ, ಎಲ್ಲರ ಕಣ್ಣೆದುರಿನಲ್ಲಿ. ಈ ಉಪಾಯ ಹೊಳೆದದ್ದೇ ಕಿನ್ನರ್‌ನ ಸಾವಿನಿಂದ ಎಂಬುದೂ ನಿಜ. ಆ ಲಾಭ ಕೊಂದವನ ಲೆಕ್ಕಕ್ಕೆ ಸೇರದು. ಅವನು ಅದನ್ನು ಕನಸಿನಲ್ಲೂ ಎಣಿಸಿರಲಿಲ್ಲ.

ಅದೇ ಬಿಡಾರ ಜೀವವಿಜ್ಞಾನಿ ಬ್ಲೇರ್‌ನೊಡನೆ ಬೇರೆಯೇ ರೀತಿ ನಡೆದುಕೊಂಡಿತ್ತು. ಆ ಜೀವಿ ಹೊರಜಗತ್ತಿಗೆ ಹೋಗಬಾರದೆಂದು ಹುಚ್ಚೆದ್ದ ಅವನು ವಾಹನಗಳನ್ನೆಲ್ಲ ಕೆಡಿಸಿದ, ಎಲ್ಲರನ್ನೂ ಕೊಲ್ಲಬೇಕೆಂದ. ಆದರೂ ಅವನನ್ನು ಕೊಲ್ಲಲಿಲ್ಲ, ದೂರದ ಗುಡಿಸಲಲ್ಲಿ ಕೂಡಿಹಾಕಿದರು. ಕೊನೆಗೆ ಹೋಗಿ ನೋಡಿದರೆ ಅವನೂ ಆ ಜೀವಿಯೇ ಆಗಿದ್ದ! ಹಾರಿಹೋಗಲು ಬೇಕಾದ ಯಂತ್ರವನ್ನೂ ಹೆಚ್ಚುಕಡಿಮೆ ಸಿದ್ಧಪಡಿಸಿಕೊಂಡಿದ್ದ. ಫಲವನ್ನಷ್ಟೇ ನೋಡಿದರೆ ಕಿನ್ನರ್‌ನನ್ನು ಕೊಂದದ್ದು ಸರಿ, ಬ್ಲೇರ್‌ನನ್ನು ಉಳಿಸಿದ್ದು ತಪ್ಪು ಎನ್ನಬೇಕಾಗುತ್ತದೆ. ನಾನಂತೂ ಹಾಗೆನ್ನಲಾರೆ. ಕೂಡಿಹಾಕಿದ ದಿನ ಬ್ಲೇರ್ ಅವರ ಪಾಲಿಗೆ ಬುದ್ಧಿ ಕೆಟ್ಟ ಒಬ್ಬ ಸಂಗಾತಿ. ಅಂಥವನಿಗೆ ಏನು ಸಲ್ಲಬೇಕೋ ಅದನ್ನೇ ಅವರು ಸಲ್ಲಿಸಿದರು.