ಥೋರ್ಗೈರನ ತೀರ್ಪು

ಒಂದು ಜನಾಂಗವು ತನ್ನ ಪೂರ್ವಜರ ದೇವತೆಗಳನ್ನು ತೊರೆದು ಬೇರೊಂದು ಮತವನ್ನು ಸ್ವೀಕರಿಸಬೇಕೆ ಎಂಬುದನ್ನು ಸಭೆಯೊಂದು ತೀರ್ಮಾನಿಸಬಲ್ಲುದೆ? ಶ್ರದ್ಧೆಯು ಅಂತರಂಗದ ವಸ್ತು. ಶಾಸನದ ಅಧಿಕಾರವೋ ಬಹಿರಂಗಕ್ಕೆ ಮಾತ್ರ ಸಲ್ಲತಕ್ಕದ್ದು. ಆದರೂ ಐಸ್‌ಲೆಂಡ್ ದ್ವೀಪದಲ್ಲಿ ಕ್ರಿ.ಶ. 1000ದ ಸುಮಾರಿಗೆ ಇಂತಹ ತೀರ್ಮಾನವೊಂದು ನಡೆಯಿತು.

ಕ್ರಿ.ಶ. 930ರಿಂದ ಆ ನಾಡಿನವರು ಅರಸನಿಲ್ಲದೆ, ಥಿಂಗ್‌ವೆಲ್ಲಿರ್ ಬಯಲಿನಲ್ಲಿ ವರ್ಷಕ್ಕೊಮ್ಮೆ ನೆರೆಯುತ್ತಿದ್ದ ಆಲ್ಥಿಂಗ್ ಎಂಬ ಮಹಾಸಭೆಯ ಕಟ್ಟಳೆಗೆ ತಲೆಬಾಗಿ ಬಾಳಿದವರು. ನಾರ್ವೆಯ ಅರಸನಾದ ಓಲಾಫ್ ಟ್ರಿಗ್ವಾಸನ್ನನ ಒತ್ತಾಯದಿಂದ ಕ್ರೈಸ್ತಮತವು ಪ್ರಬಲಿಸಲು, ಸಭೆಯು ಇಬ್ಭಾಗವಾಗಿ, ಒಬ್ಬರ ಕಟ್ಟಳೆ ಇನ್ನೊಬ್ಬರಿಗೆ ಸಲ್ಲದೆಂದು ಉಭಯ ಪಕ್ಷದವರೂ ಸಾರಿದರು. ಆಗ ನಿರ್ಣಯದ ಭಾರವು, ನಾಡಿನ ಕಟ್ಟಳೆಗಳನ್ನು ಕಂಠಸ್ಥವಾಗಿ ನುಡಿಯುವ ಅಧಿಕಾರಿಯಾದ ಥೋರ್ಗೈರನ ಮೇಲೆ ಬಿದ್ದಿತು. ಸ್ವತಃ ಹಳೆಯ ದೇವತೆಗಳ ಆರಾಧಕನಾದ ಆತನು ಹೊದಿಕೆಯ ಮುಸುಕೆಳೆದುಕೊಂಡು ಒಂದು ಹಗಲು, ಒಂದು ಇರುಳು ಮೌನವಾಗಿ ಮಲಗಿದ್ದು, ಮರುದಿನವೆದ್ದು, ಕಟ್ಟಳೆ ಒಡೆದರೆ ಶಾಂತಿಯೂ ಒಡೆಯುವುದೆಂದು ತಿಳಿಯಹೇಳಿ, ಎಲ್ಲರೂ ಕ್ರೈಸ್ತದೀಕ್ಷೆಯನ್ನು ಪಡೆಯತಕ್ಕದ್ದೆಂದು ವಿಧಿಸಿದನೆಂಬುದಾಗಿ ಹನ್ನೆರಡನೆಯ ಶತಮಾನದ ಇತಿಹಾಸಕಾರ ಆರಿ ಥೋರ್ಗಿಲ್ಸನ್ ಬರೆದಿದ್ದಾನೆ.

ಈ ವಿಧಿಗೆ ಮೂರು ವಿನಾಯಿತಿಗಳಿದ್ದುವು: ಗುಪ್ತವಾಗಿ ಬಲಿಪೂಜೆ ಮಾಡಬಹುದು, ಕುದುರೆಯ ಮಾಂಸವನ್ನು ತಿನ್ನಬಹುದು, ಸಾಕಲೊಲ್ಲದ ಹಸುಗೂಸುಗಳನ್ನು ಬಯಲಿನಲ್ಲಿ ತ್ಯಜಿಸಬಹುದು.

ಮೊದಲನೆಯ ವಿನಾಯಿತಿಯಲ್ಲಿ, ಅಂತರಂಗದ ಗುಡಿಗೆ ಶಾಸನವು ಕಾಲಿಡಲಾರದೆಂಬ ವಿವೇಕವಿದೆ. ಎರಡನೆಯದರಲ್ಲಿ, ಎಂಟನೆಯ ಶತಮಾನದಲ್ಲಿಯೇ ಪೋಪ್ ಮೂರನೆಯ ಗ್ರೆಗರಿಯು ಹೇಯವೆಂದು ನಿಷೇಧಿಸಿದ್ದ ಆಹಾರವಾದರೂ, ದೀರ್ಘ ಚಳಿಗಾಲದ ಆ ಬಡನಾಡಿನಲ್ಲಿ ಅದು ಹಸಿವಿನ ಮದ್ದೆಂಬ ಕರುಣೆಯಿದೆ. ಮೂರನೆಯದನ್ನು ಮಾತ್ರ ಇವುಗಳ ಪಂಕ್ತಿಯಲ್ಲಿ ಕುಳ್ಳಿರಿಸಲಾಗದು. ಸಭೆಯಲ್ಲಿ ಉಭಯ ಪಕ್ಷಗಳಿಗೂ ವಕ್ತಾರರಿದ್ದರು. ಆ ಶಿಶುವಿನ ಪರವಾಗಿ ನುಡಿಯುವವರು ಯಾರಿದ್ದರು? ದೊಡ್ಡವರು ತಮ್ಮೊಳಗೆ ಕೊಂಡ ಶಾಂತಿಯ ಬೆಲೆಯನ್ನು, ಮಾತೇ ಬಾರದ ಜೀವವು ತೆರಬೇಕಾಯಿತು.

ಕೆಲವೇ ವರ್ಷಗಳಲ್ಲಿ ಮೂರೂ ವಿನಾಯಿತಿಗಳು ರದ್ದಾದುವು. ಅನಂತರ ಕಾಲವು ಅವುಗಳನ್ನು ಬೇರೆಬೇರೆಯಾಗಿ ತೂಗಿತು. ಕುದುರೆಯ ಮಾಂಸವನ್ನು ಐಸ್‌ಲೆಂಡಿನವರು ಇಂದು ಸಂಕೋಚವಿಲ್ಲದೆ ಉಣ್ಣುತ್ತಾರೆ. ಹಳೆಯ ದೇವತೆಗಳ ಆರಾಧಕರ ಸಂಘಕ್ಕೆ 1973ರಲ್ಲಿ ಸರ್ಕಾರವೇ ಮಾನ್ಯತೆಯಿತ್ತಿತು. ಶಿಶುತ್ಯಾಗವು ಮರಳಿ ಬರಲೆಂದು ಮಾತ್ರ ಯಾರೂ ಬಯಸಲಿಲ್ಲ.

ಆದುದರಿಂದ, ಪೂಜೆಯ ರೀತಿಯಲ್ಲಿಯೂ ಊಟದ ಎಲೆಯಲ್ಲಿಯೂ ಎಷ್ಟು ಔದಾರ್ಯವನ್ನು ತೋರಿದರೂ ಧರ್ಮಕ್ಕೆ ಹಾನಿಯಿಲ್ಲ. ಆದರೆ ನಿಸ್ಸಹಾಯವಾದ ಒಂದು ಪ್ರಾಣವನ್ನು ಒತ್ತೆಯಿಟ್ಟು ಪಡೆದ ಸಂಧಿಯು, ಎಷ್ಟೇ ವಿವೇಕಿಯು ಅದನ್ನು ಏರ್ಪಡಿಸಿರಲಿ, ಧರ್ಮವೆನಿಸಿಕೊಳ್ಳಲಾರದು.