ಆತುರಗಾರನ ಬುದ್ಧಿ ಎಷ್ಟು ಎತ್ತರ?

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಯಲ್ಲಿರುವುದು ಮೂರೇ ಪದ. ಸಾರಿಗೆ ಉಪ್ಪು ಎರಡು ಸಲ ಬಿದ್ದಾಗ, ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಕೊಡೆ ಮರೆತಾಗ ಈ ಮಾತು ನಾಲಗೆಗೆ ಬರುತ್ತದೆ. ಅವಸರ ಮಾಡುವವನು ದಡ್ಡ ಎಂದು ಅರ್ಥ ಹೇಳಿ ಮುಗಿಸಿಬಿಡುತ್ತೇವೆ. ಗಾದೆ ಹೇಳುವುದು ಅಷ್ಟನ್ನೇ ಅಲ್ಲ. ಬುದ್ಧಿ ಇಲ್ಲ ಎನ್ನಬೇಕಾದರೆ ನೇರವಾಗಿ ಹಾಗೇ ಹೇಳಿಬಿಡಲು ನಮ್ಮ ಹಿರಿಯರಿಗೆ ಸಂಕೋಚವಿರಲಿಲ್ಲ. ಅವರು ಆರಿಸಿಕೊಂಡದ್ದು ‘ಮಟ್ಟ’ ಎಂಬ ಪದವನ್ನು. ಎದೆಮಟ್ಟದ ನೀರು, ಮೊಣಕಾಲು ಮಟ್ಟದ ಕೆಸರು, ಅಷ್ಟರ ಮಟ್ಟಿಗೆ ಸರಿ, ಇಷ್ಟರ ಮಟ್ಟಿಗೆ ಸಾಕು: ಎಲ್ಲ ಬಳಕೆಯಲ್ಲೂ ಆ ಪದ ಒಂದು ಎತ್ತರವನ್ನು, ಒಂದು ಎಲ್ಲೆಯನ್ನು ಸೂಚಿಸುತ್ತದೆ. ಆಳೆತ್ತರದ ಜೋಳದ ಹೊಲದ ನಡುವೆ ನಿಂತವನಿಗೆ ಮುಂದಿನ ನಾಲ್ಕು ತೆನೆ ಬಿಟ್ಟರೆ ಏನೂ ಕಾಣದು. ಅದೇ ಮನುಷ್ಯ ಅಟ್ಟಣೆ ಹತ್ತಿದರೆ ಹೊಲದ ನಾಲ್ಕೂ ಬದು ಕಾಣುತ್ತವೆ, ಯಾವ ಮೂಲೆಯಲ್ಲಿ ಹಕ್ಕಿ ಇಳಿದಿದೆ ಎಂಬುದೂ ತಿಳಿಯುತ್ತದೆ. ಕಣ್ಣು ಬದಲಾಗಿಲ್ಲ, ನಿಂತ ಎತ್ತರ ಬದಲಾಗಿದೆ. ಆತುರಗಾರನಿಗೂ ಬುದ್ಧಿ ಇದೆ, ಅದು ನಿಂತ ಜಾಗ ತಗ್ಗಿನಲ್ಲಿದೆ ಎಂಬುದೇ ಈ ಗಾದೆಯ ಆಳದ ಅರ್ಥ ಎಂದು ನನ್ನ ನಂಬಿಕೆ.

ಈ ಅರ್ಥವನ್ನು ಒರೆಗೆ ಹಚ್ಚಲು ಬಹು ದೂರದ ಒಂದು ಕಥೆ ಒದಗಿಬರುತ್ತದೆ. 2017ರ ಡಿಸೆಂಬರಿನಲ್ಲಿ ತೆರೆಗೆ ಬಂದ, ರಯಾನ್ ಜಾನ್ಸನ್ ನಿರ್ದೇಶನದ ‘ಸ್ಟಾರ್ ವಾರ್ಸ್: ದಿ ಲಾಸ್ಟ್ ಜೆಡೈ’ ಚಿತ್ರದಲ್ಲಿ ಪೋ ಡ್ಯಾಮರಾನ್ ಎಂಬ ವಿಮಾನಭಟನಿದ್ದಾನೆ. ಹಾರಾಟದಲ್ಲಿ ಅವನಿಗೆ ಸಾಟಿಯಿಲ್ಲ. ಚಿತ್ರ ಶುರುವಾದಾಗ ‘ರೆಸಿಸ್ಟೆನ್ಸ್’ ಎಂಬ ಸಣ್ಣ ಬಂಡಾಯ ಪಡೆ ತನ್ನ ನೆಲೆಯನ್ನು ತೆರವು ಮಾಡುತ್ತಿದೆ, ‘ಫಸ್ಟ್ ಆರ್ಡರ್’ ಎಂಬ ದೊಡ್ಡ ಸೇನೆ ಮೇಲೆರಗಿದೆ. ಪೋ ಒಂಟಿ ವಿಮಾನದಲ್ಲಿ ಹೋಗಿ, ಶತ್ರುವಿನ ಸೇನಾಪತಿಯನ್ನು ಮಾತಿನಲ್ಲಿ ತಡೆದು ನಿಲ್ಲಿಸಿ, ಡ್ರೆಡ್‌ನಾಟ್ ಎಂಬ ಮಹಾನೌಕೆಯ ಮೇಲಿನ ತೋಪುಗಳನ್ನು ಒಂದೊಂದಾಗಿ ಒಡೆಯುತ್ತಾನೆ. ಅಷ್ಟರಲ್ಲಿ ತನ್ನವರೆಲ್ಲ ನೌಕೆ ಸೇರಿದ್ದಾರೆ, ಬಂದ ಕೆಲಸ ಮುಗಿದಿದೆ, ಮರಳಿ ಬಾ ಎಂದು ಜನರಲ್ ಲೇಯಾ ಆಜ್ಞೆ ಕೊಡುತ್ತಾಳೆ. ಪೋ ರೇಡಿಯೋ ಸಂಪರ್ಕ ಕಡಿದು ಬಾಂಬರ್‌ಗಳನ್ನು ಮುಂದೆ ಬಿಡುತ್ತಾನೆ. ಡ್ರೆಡ್‌ನಾಟ್ ನಾಶವಾಗುತ್ತದೆ, ಬಾಂಬರ್‌ಗಳಲ್ಲಿ ಒಂದೂ ಹಿಂದಿರುಗುವುದಿಲ್ಲ. ಲೇಯಾ ಅವನ ಕೆನ್ನೆಗೆ ಹೊಡೆದು ಕಮಾಂಡರ್ ಪದವಿಯಿಂದ ಕ್ಯಾಪ್ಟನ್ ಪದವಿಗೆ ಇಳಿಸುತ್ತಾಳೆ. ಕಾಕ್‌ಪಿಟ್‌ನಿಂದ ತಲೆ ಹೊರಗೆ ತೆಗೆ ಎಂಬರ್ಥದ ಮಾತನ್ನೂ ಹೇಳುತ್ತಾಳೆ. ನಮ್ಮ ಗಾದೆಗೆ ಅದೇ ಭಾಷ್ಯ. ಕಾಕ್‌ಪಿಟ್ಟಿನಲ್ಲಿ ಕೂತವನಿಗೆ ಎದುರಿನ ಗುರಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಆ ಗುರಿಯ ಆಚೆಗೆ ನಾಳೆ ಎಂಬುದೊಂದಿದೆ, ನಾಳೆಯ ಯುದ್ಧಕ್ಕೂ ಬಾಂಬರ್‌ಗಳು ಬೇಕು ಎಂಬುದು ಆ ಗಾಜಿನಾಚೆ ಕಾಣುವುದಿಲ್ಲ.

ಅಭಿಮಾನಿಗಳ ವಾದ ಹುಟ್ಟುವುದು ಇಲ್ಲಿಯೇ. ಪೋ ಪರ ನಿಲ್ಲುವವರ ಮೊದಲ ಮಾತು ಬಲವಾದದ್ದು. ಅಂದು ತಪ್ಪಿಸಿಕೊಂಡ ಹಡಗುಗಳನ್ನು ಫಸ್ಟ್ ಆರ್ಡರ್ ಬೆಳಕಿನ ವೇಗ ಮೀರಿದ ಜಿಗಿತದಲ್ಲೂ ಪತ್ತೆಹಚ್ಚಿ ಬೆನ್ನಟ್ಟಿತು. ಡ್ರೆಡ್‌ನಾಟ್ ಉಳಿದಿದ್ದರೆ ಅದೂ ಬೆನ್ನಟ್ಟಿ ಬಂದು ಎಲ್ಲರನ್ನೂ ಮುಗಿಸುತ್ತಿತ್ತು, ಆದ್ದರಿಂದ ಪೋ ಮಾಡಿದ್ದೇ ಸರಿ ಎಂಬುದು ಅವರ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲದಿರಬಹುದು. ಆದರೆ ಜಿಗಿತದ ನಂತರವೂ ಪತ್ತೆಹಚ್ಚಬಲ್ಲರು ಎಂಬ ಸಂಗತಿ ಆ ಗಳಿಗೆಯಲ್ಲಿ ಪೋಗೆ ಗೊತ್ತಿರಲಿಲ್ಲ, ಲೇಯಾಗೂ ಗೊತ್ತಿರಲಿಲ್ಲ. ಕುರುಡಾಗಿ ಎಸೆದ ಕಲ್ಲಿಗೆ ಮಾವಿನಕಾಯಿ ಬಿದ್ದರೆ ಎಸೆದವನನ್ನು ಗುರಿಕಾರ ಎನ್ನಲಾಗದು. ಗಾದೆ ಫಲವನ್ನು ತೂಗುತ್ತಿಲ್ಲ, ನಿರ್ಧಾರದ ಹೊತ್ತಿನಲ್ಲಿ ಬುದ್ಧಿ ಎಲ್ಲಿ ನಿಂತಿತ್ತು ಎಂದು ಕೇಳುತ್ತಿದೆ. ಆ ಪ್ರಶ್ನೆಗೆ ಪೋನ ಬೆರಳೇ ಉತ್ತರ ಕೊಟ್ಟಿದೆ. ಇಡೀ ರಣರಂಗವನ್ನು ನೋಡುತ್ತಿದ್ದವಳ ದನಿ ಅವನ ಕಿವಿಗೆ ಬರುತ್ತಿದ್ದದ್ದು ಆ ರೇಡಿಯೋದಿಂದ. ಅದನ್ನು ಆರಿಸಿದಾಗ ಅವನು ಅಟ್ಟಣೆಯ ಏಣಿಯನ್ನು ತಾನೇ ಒದ್ದು ಕೆಡವಿದಂತಾಯಿತು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಲೇಯಾ ಗಾಯಗೊಂಡು ಪ್ರಜ್ಞೆ ತಪ್ಪಿದ ಮೇಲೆ ವೈಸ್ ಅಡ್ಮಿರಲ್ ಹೋಲ್ಡೊ ಅಧಿಕಾರ ವಹಿಸಿಕೊಳ್ಳುತ್ತಾಳೆ. ಇಂಧನ ಮುಗಿಯುತ್ತಾ ಬಂದಿದೆ, ಶತ್ರು ಬೆನ್ನಿಗಿದ್ದಾನೆ, ಆದರೂ ತನ್ನ ಯೋಜನೆ ಏನೆಂದು ಅವಳು ಪೋಗೆ ಹೇಳುವುದಿಲ್ಲ. ಹೇಳಿದ್ದರೆ ಅವನು ಗೆಳೆಯ ಫಿನ್ ಮತ್ತು ರೋಸ್‌ರನ್ನು ಗುಟ್ಟಾಗಿ ಶತ್ರುನೌಕೆಯ ಸಾಹಸಕ್ಕೆ ಕಳಿಸುತ್ತಿರಲಿಲ್ಲ, ಬಂಡಾಯವೂ ಏಳುತ್ತಿರಲಿಲ್ಲ, ತಪ್ಪು ಹೋಲ್ಡೊಳದು ಎನ್ನುವವರು ಅನೇಕರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಬೇಕು. ಅಟ್ಟಣೆಯ ಮೇಲಿದ್ದವರು ಕಂಡದ್ದನ್ನು ಕೂಗಿ ಹೇಳದಿದ್ದರೆ ಕೆಳಗಿದ್ದವರು ಕಂಗಾಲಾಗುತ್ತಾರೆ. ಹಿರಿಯರ ಮೌನವೂ ಕಿರಿಯರ ಆತುರಕ್ಕೆ ಗೊಬ್ಬರವಾಗುತ್ತದೆ. ಆದರೆ ಉಳಿದರ್ಧವನ್ನು ಕಥೆಯೇ ತೋರಿಸುತ್ತದೆ. ಸಣ್ಣ ನೌಕೆಗಳಿಗೆ ಇಂಧನ ತುಂಬುತ್ತಿದ್ದಾರೆ ಎಂಬ ತುಣುಕು ಸಂಗತಿ ತಿಳಿದ ಕೂಡಲೇ ಪೋ ಏನು ಮಾಡಿದ? ಅದನ್ನು ಫಿನ್‌ಗೆ ದೂರದಿಂದ ತಿಳಿಸಿದ. ಫಿನ್ ಜತೆಗೆ ಬೀಗ ಮುರಿಯಲು ಕರೆತಂದ ಅಪರಿಚಿತನೊಬ್ಬನಿದ್ದ, ಅವನೂ ಕೇಳಿಸಿಕೊಂಡ, ಸಿಕ್ಕಿಬಿದ್ದಾಗ ಆ ಗುಟ್ಟನ್ನೇ ಶತ್ರುವಿಗೆ ಮಾರಿದ. ಕಣ್ಣಿಗೆ ಬೀಳದಂತೆ ಕ್ರೇಟ್ ಗ್ರಹದ ಹಳೆಯ ನೆಲೆಗೆ ಜಾರಬೇಕಿದ್ದ ನೌಕೆಗಳಲ್ಲಿ ಹೆಚ್ಚಿನವು ಒಂದೊಂದಾಗಿ ಉರಿದುಹೋದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿಳಿಯದಿದ್ದಾಗ ಆತುರಪಟ್ಟವನು ತಿಳಿದಾಗಲೂ ಆತುರಪಟ್ಟ. ಹೋಲ್ಡೊಳ ಮೌನ ಅವನ ನಡೆಗೆ ಕಾರಣವನ್ನು ಒದಗಿಸಬಹುದು, ಸಮರ್ಥನೆಯನ್ನಲ್ಲ.

ಮೂರನೆಯ ಆಕ್ಷೇಪ ಕಥೆಯ ಜಾತಿಯನ್ನೇ ಹಿಡಿದು ಕೇಳುತ್ತದೆ. 1977ರ ಮೊದಲ ಚಿತ್ರದಿಂದ ಈ ಸರಣಿ ದುಸ್ಸಾಹಸಕ್ಕೇ ಹಾರ ಹಾಕಿಕೊಂಡು ಬಂದಿದೆ, ಲೂಕ್ ಸ್ಕೈವಾಕರ್ ಗುರಿಯಿಡುವ ಯಂತ್ರ ಆರಿಸಿ ಟಾರ್ಪಿಡೊ ಬಿಟ್ಟು ಗೆದ್ದ, ಈಗ ಪೋಗೆ ಮಾತ್ರ ಯಾಕೆ ಶಿಕ್ಷೆ ಎಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಗಾದೆ ಇನ್ನಷ್ಟು ತಿಳಿಯಾಗುತ್ತದೆ. ಲೂಕ್ ಯಂತ್ರವನ್ನು ಆರಿಸಿದ್ದು ಗುರುವಿನ ದನಿ ಕೇಳಿ. ಪೋ ಯಂತ್ರವನ್ನು ಆರಿಸಿದ್ದು ಹಿರಿಯಳ ದನಿ ಕೇಳಬಾರದೆಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬೆರಳಿನ ಕೆಲಸ, ಒಳಗೆ ಒಂದು ಏರು, ಇನ್ನೊಂದು ಇಳಿವು. ಇನ್ನು ಈ ಸರಣಿ ಲೂಕ್‌ನ ಆತುರವನ್ನೂ ಸುಮ್ಮನೆ ಬಿಟ್ಟಿಲ್ಲ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಅವನು ತನಗೆ ಕಲಿಸುತ್ತಿದ್ದ ಯೋಡಾ ತಡೆದರೂ ಕಲಿಕೆಯನ್ನು ಅರ್ಧಕ್ಕೆ ಬಿಟ್ಟು ಗೆಳೆಯರನ್ನು ಉಳಿಸಲು ಓಡುತ್ತಾನೆ. ಆ ಗೆಳೆಯರು ಅವನನ್ನು ಸೆಳೆಯಲು ಇಟ್ಟ ಎರೆಯಾಗಿದ್ದರು. ಅವರಲ್ಲೊಬ್ಬನಾದ ಹಾನ್ ಸೋಲೊನನ್ನು ಉಳಿಸಲಾಗಲಿಲ್ಲ, ಬಲಗೈ ಹೋಯಿತು, ಕೊನೆಗೆ ಉಳಿಸಲು ಹೊರಟವನನ್ನೇ ಲೇಯಾ ಹಡಗು ತಿರುಗಿಸಿ ಬಂದು ಉಳಿಸಬೇಕಾಯಿತು. ಪ್ರೀತಿಯಿಂದ ಹುಟ್ಟಿದ ಆತುರವೂ ಆತುರವೇ ಎಂಬ ಕಠಿಣ ಪಾಠ ಅಂದೇ ಅಲ್ಲಿತ್ತು.

ಹಾಗಾದರೆ ಅಪಾಯದ ಹೊತ್ತಿನಲ್ಲಿ ಕೈಕಟ್ಟಿ ಕೂರಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲ. ವೇಗ ಬೇರೆ, ಆತುರ ಬೇರೆ. ಸಣ್ಣ ನೌಕೆಗಳು ಉರಿಯುವುದನ್ನು ಕಂಡ ಹೋಲ್ಡೊ ತಾನೊಬ್ಬಳೇ ಉಳಿದಿದ್ದ ದೊಡ್ಡ ಹಡಗನ್ನು ತಿರುಗಿಸಿ, ಬೆಳಕಿನ ವೇಗದಲ್ಲಿ ಶತ್ರುನೌಕೆಗೆ ನುಗ್ಗಿಸಿದಳು. ಅದಕ್ಕಿಂತ ಬೇಗ ತೆಗೆದುಕೊಂಡ ನಿರ್ಧಾರ ಆ ಚಿತ್ರದಲ್ಲಿ ಇನ್ನೊಂದಿಲ್ಲವೇನೊ. ಆದರೂ ಅದು ಆತುರವಲ್ಲ: ಯಾರಿಗಾಗಿ, ಏನನ್ನು, ಯಾರ ಜೀವವನ್ನು ಒತ್ತೆಯಿಟ್ಟು ಎಂಬುದೆಲ್ಲ ಅವಳಿಗೆ ಕಾಣುತ್ತಿತ್ತು, ಒತ್ತೆಯಿಟ್ಟ ಜೀವ ಅವಳದೇ ಆಗಿತ್ತು. ನಮ್ಮ ಅಭಿಮನ್ಯುವನ್ನೂ ಇಲ್ಲಿ ನೆನೆಯಬೇಕು. ದುಡುಕಿದವರ ಸಾಲಿಗೆ ಅವನನ್ನು ಸೇರಿಸುವುದು ಅನ್ಯಾಯ. ಚಕ್ರವ್ಯೂಹವನ್ನು ಹೊಗಲು ಬಲ್ಲೆ, ಹೊರಬರಲು ಅರಿಯೆ ಎಂದು ಅವನು ಮೊದಲೇ ಹಿರಿಯರ ಮುಂದೆ ಬಾಯಿಬಿಟ್ಟು ಹೇಳಿದ್ದ. ಬೆನ್ನಿಗೆ ಬರುತ್ತೇವೆಂದ ಅವರನ್ನು ಜಯದ್ರಥ ತಡೆದ. ತನ್ನ ಬುದ್ಧಿಯ ಎಲ್ಲೆಯನ್ನು ತಾನೇ ಅಳೆದು ಹೇಳಿದವನು ಸೋತರೂ ಆತುರಗಾರನಾಗುವುದಿಲ್ಲ. ಗಾದೆಯ ಬೊಟ್ಟು ನೆಟ್ಟಿರುವುದು ತನ್ನ ಎಲ್ಲೆಯನ್ನೇ ಅರಿಯದವನ ಕಡೆಗೆ.

ಮಟ್ಟ ಎಂಬುದು ಎತ್ತರದ ಮಾತಾದ್ದರಿಂದಲೇ ಈ ಗಾದೆಯಲ್ಲಿ ಭರವಸೆಯೂ ಇದೆ. ಇಲ್ಲದ ಬುದ್ಧಿಯನ್ನು ತರುವುದು ಕಷ್ಟ, ತಗ್ಗಿನಲ್ಲಿರುವ ಬುದ್ಧಿ ಮೇಲೇರಬಹುದು. ಕ್ರೇಟ್ ಗ್ರಹದ ಉಪ್ಪಿನ ಬಯಲಿನಲ್ಲಿ ಶತ್ರುವಿನ ತೋಪಿನತ್ತ ಹಳೆಯ ವಾಹನಗಳು ನುಗ್ಗುತ್ತಿರುವಾಗ, ಸಾಯುವವರ ಸಂಖ್ಯೆ ಕಂಡು ಹಿಂದಿರುಗಿ ಎಂದು ಆಜ್ಞೆ ಕೊಡುವವನು ಇದೇ ಪೋ. ಆಜ್ಞೆ ಮೀರಿ ಮುನ್ನುಗ್ಗುವವನು ಈ ಸಲ ಫಿನ್. ಆಮೇಲೆ ಲೂಕ್ ಒಂಟಿಯಾಗಿ ಸೇನೆಯೆದುರು ನಿಂತಾಗ ಫಿನ್ ಅವನ ನೆರವಿಗೆ ಓಡಲು ನೋಡುತ್ತಾನೆ. ಲೂಕ್ ನಮಗಾಗಿ ಹೊತ್ತು ಗಳಿಸಿಕೊಡುತ್ತಿದ್ದಾನೆ ಎಂದು ಅರಿತು, ಗುಹೆಯ ಸ್ಫಟಿಕದ ನರಿಗಳು ಹೋದ ದಾರಿ ಹಿಡಿದು ಜನರನ್ನು ಹೊರಗೆ ಕರೆದೊಯ್ಯುವವನೂ ಪೋ. ಅಂದು ಓಡಿಹೋಗಿ ಕೈ ಕಳೆದುಕೊಂಡಿದ್ದ ಲೂಕ್ ಇಂದು ದೂರದ ದ್ವೀಪದಲ್ಲಿ ಕುಳಿತೇ ತನ್ನ ರೂಪವನ್ನಷ್ಟೇ ಕಳಿಸಿದ್ದಾನೆ. ಹಳೆಯ ಆತುರಗಾರನ ತಾಳ್ಮೆಯನ್ನು ಹೊಸ ಆತುರಗಾರ ಗುರುತು ಹಿಡಿದ ಗಳಿಗೆ ಅದು. ಉಳಿದವರು ಒಂದೇ ಹಡಗಿನಲ್ಲಿ ಹಿಡಿಸುವಷ್ಟು ಮಂದಿ. ಏಣಿ ಹತ್ತಲು ಪೋ ತೆತ್ತ ಬೆಲೆಯಲ್ಲಿ ಹೆಚ್ಚಿನದು ಬೇರೆಯವರ ಜೀವ. ಅದಕ್ಕೇ ಗಾದೆಯನ್ನು ಹಿರಿಯರು ಎಡವಿದ ಮೇಲೆ ಹೇಳಲು ಕಟ್ಟಲಿಲ್ಲ, ಎಡವುವ ಮೊದಲು ಕಿವಿಯಲ್ಲಿರಲೆಂದು ಮೂರೇ ಪದದಲ್ಲಿ ಕಟ್ಟಿದರು. ಆತುರ ಬಂದಾಗ ‘ನಾನೀಗ ಎಷ್ಟು ಎತ್ತರದಲ್ಲಿ ನಿಂತು ನೋಡುತ್ತಿದ್ದೇನೆ?’ ಎಂದು ಕೇಳಿಕೊಳ್ಳಲು ಅಷ್ಟು ಪದ ಸಾಕು.